ಕೈಯಾರೆ ಕಟ್ಟುವ ಕಾರಿನಲ್ಲಿ ಸೀಟು ಮೊದಲೋ, ಎಂಜಿನ್ ಮೊದಲೋ?

ಮನೆಯ ಶೆಡ್ಡಿನಲ್ಲಿ ಒಂದೊಂದೇ ಭಾಗ ಜೋಡಿಸಿ ಕಾರು ಕಟ್ಟುವವರ ವಿಡಿಯೊಗಳನ್ನು ನೀವೂ ನೋಡಿರಬಹುದು. ಕಬ್ಬಿಣದ ಕೊಳವೆಗಳನ್ನು ವೆಲ್ಡ್ ಮಾಡಿ ಚಾಸಿ ತಯಾರಾಗುತ್ತದೆ. ಹಳೆಯ ಕಾರಿನ ಎಂಜಿನ್ ಬಂದು ಕೂರುತ್ತದೆ. ಗೇರ್‌ಬಾಕ್ಸ್, ಸ್ಟೇರಿಂಗ್, ಬ್ರೇಕು, ಚಕ್ರ ಎಲ್ಲ ಸೇರುತ್ತವೆ. ಕೊನೆಯ ಎರಡು ನಿಮಿಷದಲ್ಲಿ ಎರಡು ಕೆಂಪು ರೇಸಿಂಗ್ ಸೀಟು ತಂದು ನಾಲ್ಕು ನಾಲ್ಕು ಬೋಲ್ಟು ಬಿಗಿದರೆ ಕಾರು ಸಿದ್ಧ! ನೋಡುವವರಿಗೆ ಸೀಟು ಎಂದರೆ ಸೋಫಾದ ಇನ್ನೊಂದು ರೂಪ. ಬಣ್ಣ, ಮೆತ್ತೆ, ಹೊಲಿಗೆ ಚೆನ್ನಾಗಿದ್ದರೆ ಸಾಕು.

ಕಾರು ಕಟ್ಟುವವರ ಅನುಭವ ಇದಕ್ಕೆ ತದ್ವಿರುದ್ಧ. ಸೀಟನ್ನು ಕೊನೆಗೆ ಇಟ್ಟುಕೊಂಡವರು ಆಗಲೇ ವೆಲ್ಡ್ ಮಾಡಿದ್ದನ್ನು ಕತ್ತರಿಸಬೇಕಾಗುತ್ತದೆ. ಸ್ಟೇರಿಂಗ್ ತೊಡೆಗೆ ತಾಗುತ್ತದೆ, ಕ್ಲಚ್ ಒತ್ತಲು ಕಾಲು ಎಟುಕುವುದಿಲ್ಲ, ಗೇರ್ ಹಾಕುವಾಗ ಮೊಣಕೈ ಸೀಟಿನ ಅಂಚಿಗೆ ಬಡಿಯುತ್ತದೆ. ಇವೆಲ್ಲ ಕಿರಿಕಿರಿಯಷ್ಟೇ. ಸೀಟನ್ನು ಹಿಡಿದುಕೊಳ್ಳಬೇಕಾದ ಜಾಗದಲ್ಲಿ ಬರೀ ತೆಳು ತಗಡು ಇರುವುದು ನಿಜವಾದ ಅಪಾಯ.

ಸೀಟು ಪೀಠೋಪಕರಣವಲ್ಲ, ಯಂತ್ರದ ಒಂದು ಭಾಗ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವುದು ಶಾಫ್ಟ್. ಹಾಗೆಯೇ ಅಪಘಾತದ ಹೊತ್ತಿನಲ್ಲಿ ಮನುಷ್ಯನ ದೇಹವನ್ನು ಚಾಸಿಗೆ ಕಟ್ಟಿಡುವುದು ಸೀಟು ಮತ್ತು ಬೆಲ್ಟು.

ಇನ್ನೂರೈವತ್ತು ಪೌಂಡಿನ ಕಾರು

ಮನೆಯಲ್ಲಿ ಕಟ್ಟುವ ಕಾರು ಎಂದರೆ ಬ್ರಿಟನ್ನಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಲೋಟಸ್ ಸೆವೆನ್. ಕಾಲಿನ್ ಚಾಪ್ಮನ್ ರೂಪಿಸಿದ ಈ ಪುಟ್ಟ ಕಾರು 1957ರಲ್ಲಿ ಬಂತು. ಬಾಗಿಲಿಲ್ಲ, ಮೇಲ್ಛಾವಣಿ ಹೆಸರಿಗಷ್ಟೇ, ತೂಕ ಸುಮಾರು 500 ಕೆ.ಜಿ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಅವಕಾಶ ಅದಕ್ಕಿತ್ತು. 1973ರಲ್ಲಿ ಕೇಟರ್‌ಹ್ಯಾಮ್ ಕಂಪನಿ ಅದರ ಹಕ್ಕುಗಳನ್ನು ಪಡೆಯಿತು. ಅದೇ ಮಾದರಿಯ ಕಾರನ್ನು ಆ ಕಂಪನಿ ಇಂದಿಗೂ ತಯಾರಿಸುತ್ತಿದೆ.

ಆದರೆ ಜನಸಾಮಾನ್ಯರ ಕೈಗೆ ವೆಲ್ಡಿಂಗ್ ಯಂತ್ರ ಕೊಟ್ಟದ್ದು ಇನ್ನೊಬ್ಬರು. ಬ್ರಿಟನ್ನಿನ ಶಾಲೆಯೊಂದರಲ್ಲಿ ಶಿಕ್ಷಕರಾಗಿದ್ದ ರಾನ್ ಚಾಂಪಿಯನ್ 1996ರಲ್ಲಿ ಒಂದು ಪುಸ್ತಕ ಬರೆದರು. ಕೇವಲ 250 ಪೌಂಡಿನಲ್ಲಿ ನಿಮ್ಮದೇ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ ಎಂಬುದು ಅದರ ಶೀರ್ಷಿಕೆಯ ಭರವಸೆ. ಸುಮಾರು ಒಂದು ಇಂಚಿನ ಚೌಕ ಉಕ್ಕಿನ ಕೊಳವೆಗಳಿಂದ ಚಾಸಿ, ಹಳೆಯ ಫೋರ್ಡ್ ಎಸ್ಕಾರ್ಟ್‌ನಿಂದ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್. ಈ ಬಗೆಯ ಕಾರುಗಳಿಗೆ 'ಲೋಕಾಸ್ಟ್' ಎಂಬ ಅಡ್ಡಹೆಸರೂ ಬಂತು. (ನಿಜವಾಗಿ 250 ಪೌಂಡಿನಲ್ಲಿ ಮುಗಿಸಿದವರು ಎಷ್ಟು ಮಂದಿ ಎಂದು ಕೇಳಬೇಡಿ. ಮನೆ ಕಟ್ಟಿಸಿದವರಿಗೆ ಅಂದಾಜುಪಟ್ಟಿಯ ಕಥೆ ಗೊತ್ತೇ ಇರುತ್ತದೆ.)

ಈ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಇದರೊಳಗಿನ ಜಾಗ ತೀರಾ ಇಕ್ಕಟ್ಟು. ಇಬ್ಬರು ಪಕ್ಕಪಕ್ಕ ಕೂತರೆ ನಡುವೆ ಗೇರ್‌ಬಾಕ್ಸ್ ಹಾಗೂ ಶಾಫ್ಟಿನ ಸುರಂಗ, ಹೊರಗಡೆ ಚಾಸಿಯ ಕೊಳವೆ, ಬೆನ್ನ ಹಿಂದೆಯೇ ಪೆಟ್ರೋಲ್ ಟ್ಯಾಂಕು ಮತ್ತು ಆಕ್ಸಲ್. ಒಂದು ಭಾಗ ಎರಡು ಸೆಂಟಿಮೀಟರ್ ಸರಿದರೆ ಉಳಿದೆಲ್ಲವೂ ಸರಿಯಬೇಕು. ದೊಡ್ಡ ಮೈಕಟ್ಟಿನವರಿಗೆ ಹಳೆಯ ಅಳತೆ ಒಗ್ಗುವುದಿಲ್ಲವೆಂದು ಕೇಟರ್‌ಹ್ಯಾಮ್ ಕಂಪನಿಯೇ 2000ದಲ್ಲಿ ಸುಮಾರು 11 ಸೆಂ.ಮೀ. ಹೆಚ್ಚು ಅಗಲದ ಮಾದರಿಯೊಂದನ್ನು ತಂದಿತು.

ಮೊದಲು ಮನುಷ್ಯ, ಆಮೇಲೆ ಯಂತ್ರ

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೇಸ್ ಕಾರು ಕಟ್ಟುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳ ನಿಯಮಪುಸ್ತಕ ಇದಕ್ಕೆ ಚೆನ್ನಾದ ಉತ್ತರ ಕೊಡುತ್ತದೆ. ಕರ್ನಾಟಕದ ಹಲವು ಕಾಲೇಜುಗಳ ತಂಡಗಳೂ ಇಂಥ ಸ್ಪರ್ಧೆಗಳಿಗೆ ಹೋಗುತ್ತವೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಅವುಗಳಲ್ಲೊಂದು.

ಈ ನಿಯಮದಲ್ಲಿ 'ಪರ್ಸಿ' ಎಂಬ ಕಾಲ್ಪನಿಕ ವ್ಯಕ್ತಿಯಿದ್ದಾನೆ. ನೂರು ಗಂಡಸರಲ್ಲಿ 95 ಮಂದಿಗಿಂತ ದೊಡ್ಡ ಮೈಕಟ್ಟು ಅವನದು. ಆದರೂ ಅವನು ಮೂರು ವೃತ್ತ ಮತ್ತು ಎರಡು ಗೆರೆ, ಅಷ್ಟೇ! ಸೊಂಟಕ್ಕೆ 20 ಸೆಂ.ಮೀ. ವ್ಯಾಸದ ವೃತ್ತ, ಭುಜಕ್ಕೆ ಇನ್ನೊಂದು 20 ಸೆಂ.ಮೀ., ಹೆಲ್ಮೆಟ್ ಹಾಕಿದ ತಲೆಗೆ 30 ಸೆಂ.ಮೀ. ಸೊಂಟದಿಂದ ಭುಜಕ್ಕೆ 49 ಸೆಂ.ಮೀ., ಭುಜದಿಂದ ತಲೆಗೆ 28 ಸೆಂ.ಮೀ. ಸೀಟಿನ ಮೇಲೆ ಅವನನ್ನು ಕೂರಿಸಿದಾಗ ಸೊಂಟದ ವೃತ್ತದ ಕೇಂದ್ರದಿಂದ ಪೆಡಲಿಗೆ ಕನಿಷ್ಠ 91.5 ಸೆಂ.ಮೀ. ದೂರ ಇರಬೇಕು. ಮೊದಲು ಪರ್ಸಿಯನ್ನು ಕೂರಿಸಿ, ಅವನ ಸುತ್ತ ಕೊಳವೆಗಳನ್ನು ಎಳೆಯಬೇಕು ಎಂಬುದು ಇದರ ಸಾರ.

ಮನೆಯಲ್ಲಿ ಕಟ್ಟುವವರು ಇದನ್ನೇ ಇನ್ನೂ ಸರಳವಾಗಿ ಮಾಡುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಾಸಿಯ ಅಗಲ ಗುರುತಿಸಿ, ಪ್ಲೈವುಡ್ ತುಂಡುಗಳಿಂದ ಸುರಂಗದ ಗೋಡೆ ನಿಲ್ಲಿಸಿ, ಸೀಟಿಟ್ಟು ತಾವೇ ಕೂತು ನೋಡುತ್ತಾರೆ. ಕೂರುವಾಗ ಬೂಟು ಹಾಕಿರಬೇಕು. ಹೆಲ್ಮೆಟ್ ಧರಿಸಿ ಓಡಿಸುವುದಾದರೆ ಅದನ್ನೂ ಹಾಕಿರಬೇಕು. ಬೆನ್ನು ಸೀಟಿಗೆ ಪೂರ್ತಿ ಒರಗಿದ ಸ್ಥಿತಿಯಲ್ಲೇ ಪೆಡಲಿನ ಜಾಗವನ್ನು ಗುರುತಿಸಬೇಕು. ಪೆಡಲ್ ಕೊನೆಯವರೆಗೆ ಹೋದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಕಾಲು ನೀಟಾಗಿ ಚಾಚಿಬಿಟ್ಟರೆ ತುರ್ತಿನಲ್ಲಿ ಬ್ರೇಕು ಒತ್ತಲು ಬಲ ಉಳಿಯುವುದಿಲ್ಲ.

ಬ್ರೇಕಿನ ವಿಷಯ ಇಲ್ಲಿ ವಿಶೇಷ. ಮಾಮೂಲಿ ಕಾರುಗಳಲ್ಲಿ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಇರುತ್ತದೆ. ಸೆವೆನ್ ಬಗೆಯ ಹಗುರ ಕಾರುಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಪೆಡಲಿನ ಸನ್ನೆಯೇ ಎಲ್ಲ ಕೆಲಸ ಮಾಡಬೇಕು. ಸನ್ನೆಯ ಅನುಪಾತ 5 ಇದ್ದು ನೀವು 30 ಕೆ.ಜಿ.ಯಷ್ಟು ಬಲ ಹಾಕಿದರೆ ಮಾಸ್ಟರ್ ಸಿಲಿಂಡರಿಗೆ 150 ಕೆ.ಜಿ. ಸಿಗುತ್ತದೆ. ಗಾಬರಿಯಲ್ಲಿ ಒತ್ತುವ ಕಾಲು ಇದರ ಹಲವು ಪಟ್ಟು ಬಲ ಹಾಕಬಲ್ಲದು. ಅದಕ್ಕೇ ಫಾರ್ಮುಲಾ ಸ್ಟೂಡೆಂಟ್ ನಿಯಮದಲ್ಲಿ ಬ್ರೇಕ್ ಪೆಡಲ್ 2000 ನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ತೂಕದಷ್ಟು ಒತ್ತಡ ತಾಳಬೇಕು ಎಂದಿದೆ. ಕಾಲು ಮುಂದಕ್ಕೆ ಎಷ್ಟು ಒತ್ತುತ್ತದೋ ಬೆನ್ನು ಸೀಟನ್ನು ಹಿಂದಕ್ಕೆ ಅಷ್ಟೇ ಒತ್ತುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅಲುಗಾಡುವ ಸೀಟಿನಲ್ಲಿ ಕೂತು ಗಟ್ಟಿಯಾಗಿ ಬ್ರೇಕ್ ಹಾಕಲಾಗದು.

ಸ್ಟೇರಿಂಗಿಗೂ ಇದೇ ಮಾತು. ಭುಜ ಸೀಟಿಗೆ ಒರಗಿರುವಾಗಲೇ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಯ ಮೇಲೆ ಕೂರುವಂತಿದ್ದರೆ ದೂರ ಸರಿಯಾಗಿದೆ ಎಂದರ್ಥ. ಸೀಟಿನ ಜಾಗ ಬದಲಾದರೆ ಸ್ಟೇರಿಂಗ್ ಕಂಬದ ಕೋನ ಬದಲಾಗುತ್ತದೆ, ಅದರ ಜೊತೆ ಯೂನಿವರ್ಸಲ್ ಜಾಯಿಂಟುಗಳ ಕೋನವೂ. ಒಂದು ಎಚ್ಚರಿಕೆ: ಉದ್ದ ಸಾಲದೆಂದು ಸ್ಟೇರಿಂಗ್ ಶಾಫ್ಟನ್ನು ಕತ್ತರಿಸಿ ನಡುವೆ ತುಂಡು ಸೇರಿಸಿ ವೆಲ್ಡ್ ಮಾಡುವುದು ಹವ್ಯಾಸಿಗಳ ಕೆಲಸವಲ್ಲ. ಆ ಒಂದು ಬೆಸುಗೆ ಬಿಟ್ಟರೆ ಕಾರು ತನ್ನಿಷ್ಟದ ಕಡೆಗೆ ಹೋಗುತ್ತದೆ.

ತೊಡೆಯ ಪಕ್ಕದಲ್ಲಿ ತಿರುಗುವ ಶಾಫ್ಟು

ಮುಂದೆ ಎಂಜಿನ್, ಹಿಂದೆ ಚಾಲನೆ ಪಡೆಯುವ ಚಕ್ರ. ಹಾಗಾಗಿ ಎರಡು ಸೀಟುಗಳ ನಡುವೆ ಪ್ರೊಪೆಲರ್ ಶಾಫ್ಟ್ ಹಾದುಹೋಗಲೇಬೇಕು. ಅದು ಎಷ್ಟು ವೇಗವಾಗಿ ತಿರುಗುತ್ತದೆ? ಚಕ್ರದ ಸುತ್ತಳತೆ 1.8 ಮೀಟರ್, ಹಿಂದಿನ ಆಕ್ಸಲಿನ ಗೇರ್ ಅನುಪಾತ 3.9 ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 926 ಸುತ್ತು ತಿರುಗಿದರೆ ಶಾಫ್ಟು ಸುಮಾರು 3600 ಸುತ್ತು ತಿರುಗುತ್ತದೆ. ಸೆಕೆಂಡಿಗೆ 60 ಸುತ್ತು, ನಿಮ್ಮ ಸೊಂಟದಿಂದ ಒಂದು ಗೇಣು ದೂರದಲ್ಲಿ!

ಈ ಶಾಫ್ಟಿನ ಎರಡು ತುದಿಗಳಲ್ಲೂ ಯೂನಿವರ್ಸಲ್ ಜಾಯಿಂಟುಗಳಿವೆ. ಕೋನದಲ್ಲಿ ತಿರುಗುವ ಇಂಥ ಜಾಯಿಂಟಿಗೆ ಒಂದು ವಿಚಿತ್ರ ಗುಣವಿದೆ. ಒಳಬರುವ ವೇಗ ಒಂದೇ ಸಮ ಇದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಏರಿಳಿಯುತ್ತದೆ. ಎರಡೂ ತುದಿಗಳ ಕೋನ ಸಮವಾಗಿದ್ದು, ಜಾಯಿಂಟುಗಳ ಕವೆಗಳು ಒಂದೇ ನೇರದಲ್ಲಿದ್ದರೆ ಮೊದಲನೆಯದರ ಏರಿಳಿತವನ್ನು ಎರಡನೆಯದು ಸರಿದೂಗಿಸುತ್ತದೆ. ಗೇರ್‌ಬಾಕ್ಸನ್ನು ಸೀಟಿಗೆ ಜಾಗ ಮಾಡಿಕೊಡಲೆಂದು ಕೊನೆಗಳಿಗೆಯಲ್ಲಿ ಓರೆ ಮಾಡಿದರೆ ಈ ಲೆಕ್ಕ ಕೆಡುತ್ತದೆ. ಆಗ ಕಾಣಿಸಿಕೊಳ್ಳುವ ನಡುಕಕ್ಕೆ ಜನ ಚಕ್ರವನ್ನೋ ಎಂಜಿನ್ನನ್ನೋ ದೂರುತ್ತಾರೆ.

ಸುರಂಗದ ಗೋಡೆ ಬರೀ ಧೂಳು ತಡೆಯುವ ಪರದೆಯಲ್ಲ. ಜಾಯಿಂಟು ಮುರಿದರೆ ಶಾಫ್ಟಿನ ತುದಿ ಚಾವಟಿಯಂತೆ ಬೀಸುತ್ತದೆ. ಅದಕ್ಕಾಗಿ ಶಾಫ್ಟಿನ ಸುತ್ತ ದಪ್ಪ ಉಕ್ಕಿನ ಬಳೆಯೊಂದನ್ನು ಚಾಸಿಗೆ ವೆಲ್ಡ್ ಮಾಡುವುದುಂಟು. ನನ್ನ ಪ್ರಕಾರ ಇದು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎನ್ನುವ ಸಂಗತಿಯಲ್ಲ.

ಬೋಲ್ಟು ಗಟ್ಟಿ, ನೆಲ ಮೆತ್ತಗೆ

ಈಗ ಮುಖ್ಯ ಪ್ರಶ್ನೆ. ಸೀಟಿನ ಮೇಲೆ ಎಷ್ಟು ಬಲ ಬೀಳುತ್ತದೆ?

ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ 70 ಸೆಂ.ಮೀ. ದೂರದಲ್ಲಿ ನಿಂತಿತೆನ್ನಿ. ಶಾಲೆಯಲ್ಲಿ ಕಲಿತ ಸೂತ್ರದಿಂದಲೇ ಲೆಕ್ಕ ಹಾಕಿದರೆ ಸರಾಸರಿ 14 ಜಿ, ಅಂದರೆ ಗುರುತ್ವದ 14 ಪಟ್ಟು ಬರುತ್ತದೆ. ಗರಿಷ್ಠ ಮಟ್ಟ ಇನ್ನೂ ಮೇಲಿರುತ್ತದೆ. ಕಾರ್ಖಾನೆಯ ಕಾರುಗಳ ಸೀಟಿನ ಬುಡ 20 ಜಿ ತಾಳಬೇಕೆಂದು ವಿಶ್ವಸಂಸ್ಥೆಯ 17ನೇ ವಾಹನ ನಿಯಮ ಹೇಳುತ್ತದೆ. ನಾವೂ ಆ 20ನ್ನೇ ಹಿಡಿಯೋಣ.

ಹಿಂದಿನಿಂದ ಲಾರಿ ಗುದ್ದಿತು ಎಂದುಕೊಳ್ಳಿ. 70 ಕೆ.ಜಿ.ಯ ವ್ಯಕ್ತಿ, 15 ಕೆ.ಜಿ.ಯ ಸೀಟು, ಒಟ್ಟು 85 ಕೆ.ಜಿ. ಇದರ 20 ಪಟ್ಟು 1700 ಕೆ.ಜಿ. ಈ ಬಲ ಬೀಳುವುದು ನೆಲದ ಮಟ್ಟದಲ್ಲಲ್ಲ, ದೇಹದ ತೂಕದ ಕೇಂದ್ರದಲ್ಲಿ. ಅದು ನೆಲದಿಂದ 30 ಸೆಂ.ಮೀ. ಮೇಲಿದ್ದು, ಮುಂದಿನ ಮತ್ತು ಹಿಂದಿನ ಬೋಲ್ಟುಗಳ ನಡುವಿನ ಅಂತರವೂ 30 ಸೆಂ.ಮೀ. ಇದ್ದರೆ, ಹಿಂದಕ್ಕೆ ಮಗುಚಲು ಹೊರಟ ಸೀಟು ಮುಂದಿನ ಎರಡು ಬೋಲ್ಟುಗಳನ್ನು ಅಷ್ಟೇ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಒಂದೊಂದಕ್ಕೆ 850 ಕೆ.ಜಿ. ಇಡೀ ಲೋಟಸ್ ಸೆವೆನ್ ಕಾರಿನ ತೂಕಕ್ಕಿಂತ ಹೆಚ್ಚು!

ಬೋಲ್ಟು ತುಂಡಾಗುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. 8 ಮಿ.ಮೀ. ದಪ್ಪದ, ತಲೆಯ ಮೇಲೆ 8.8 ಎಂದು ಬರೆದಿರುವ ಬೋಲ್ಟು ಮುರಿಯಬೇಕಾದರೆ ಸುಮಾರು 2900 ಕೆ.ಜಿ. ಎಳೆತ ಬೇಕು. ಹಾಗಾಗಿ ಬೋಲ್ಟು ಗೆಲ್ಲುತ್ತದೆ, ಸೋಲುವುದು ಅದನ್ನು ಹಿಡಿದಿರುವ ತಗಡು. ಬೋಲ್ಟು ವಾಷರ್ ಸಮೇತ ತೆಳು ನೆಲವನ್ನು ಹರಿದುಕೊಂಡು ಮೇಲೆದ್ದು ಬರುತ್ತದೆ.

'ದಪ್ಪ ಬೋಲ್ಟು ಹಾಕಿದರೆ ಭದ್ರ' ಎಂಬ ನಂಬಿಕೆಯ ದೋಷ ಇಲ್ಲಿದೆ. 8ರ ಬದಲು 12 ಮಿ.ಮೀ. ಹಾಕಿದರೆ ಈಗಾಗಲೇ ಗಟ್ಟಿಯಿರುವ ಭಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಸೋಲುವ ಭಾಗ ಹಾಗೇ ಉಳಿಯುತ್ತದೆ. ಬೇಕಾದದ್ದು ಬಲವನ್ನು ಹರಡುವ ವ್ಯವಸ್ಥೆ. ಅಂತರರಾಷ್ಟ್ರೀಯ ಮೋಟರ್ ಕ್ರೀಡೆಯ ಸಂಸ್ಥೆಯಾದ ಎಫ್‌ಐಎ ತನ್ನ ನಿಯಮಗಳಲ್ಲಿ ಪ್ರತಿ ಸೀಟಿಗೆ ಕನಿಷ್ಠ ನಾಲ್ಕು ಜಾಗದಲ್ಲಿ ಕನಿಷ್ಠ 8 ಮಿ.ಮೀ. ಬೋಲ್ಟು, ಪ್ರತಿ ಬೋಲ್ಟಿನಡಿ 40 ಚದರ ಸೆಂ.ಮೀ. ಅಗಲದ ಪಟ್ಟಿ ಇರಬೇಕೆನ್ನುತ್ತದೆ. ಪಟ್ಟಿ ಉಕ್ಕಿನದಾದರೆ 3 ಮಿ.ಮೀ. ದಪ್ಪ, ಅಲ್ಯೂಮಿನಿಯಂ ಮಿಶ್ರಲೋಹವಾದರೆ 5 ಮಿ.ಮೀ. ಅಂಗಡಿಯಲ್ಲಿ ಬೋಲ್ಟಿನ ಜೊತೆ ಕೊಡುವ ಮಾಮೂಲಿ ವಾಷರಿನ ವಿಸ್ತೀರ್ಣ ಒಂದೂವರೆ ಚದರ ಸೆಂ.ಮೀ. ಅಷ್ಟೇ. ವ್ಯತ್ಯಾಸ 25 ಪಟ್ಟಿಗೂ ಹೆಚ್ಚು.

ಲೋಕಾಸ್ಟ್ ಬಗೆಯ ಕಾರಿನಲ್ಲಿ ಇನ್ನೂ ಒಳ್ಳೆಯ ದಾರಿಯಿದೆ. ಸೀಟಿನಡಿಯಲ್ಲಿ ಅಡ್ಡಲಾಗಿ ಎರಡು ಕೊಳವೆಗಳನ್ನು ಚಾಸಿಗೆ ವೆಲ್ಡ್ ಮಾಡಿ ಅವಕ್ಕೇ ಸೀಟನ್ನು ಬಿಗಿಯುವುದು. ಸೀಟಿನ ಜಾಗ ಮೊದಲೇ ಗೊತ್ತಿದ್ದರೆ ಇದು ಅರ್ಧ ದಿನದ ಕೆಲಸ. ನೆಲ ಮುಚ್ಚಿ, ಬಣ್ಣ ಬಳಿದಾದ ಮೇಲೆ ಗೊತ್ತಾದರೆ ಒಂದು ವಾರ. ಇಲ್ಲೊಂದು ಸೂಕ್ಷ್ಮವಿದೆ. ಪೊಳ್ಳು ಕೊಳವೆಗೆ ಆರಪಾರ ತೂತು ಕೊರೆದು ಬೋಲ್ಟು ಬಿಗಿದರೆ ಕೊಳವೆಯ ಗೋಡೆಗಳು ಒಳಕ್ಕೆ ಕುಸಿಯುತ್ತವೆ, ಬಿಗಿತ ನಿಲ್ಲುವುದಿಲ್ಲ. ತೂತಿನೊಳಗೆ ಬೋಲ್ಟಿನ ಅಳತೆಯ ಸಣ್ಣ ಕೊಳವೆಯನ್ನು ತೂರಿಸಿ ಎರಡೂ ಕಡೆ ವೆಲ್ಡ್ ಮಾಡಬೇಕು. ಆಗ ಬೋಲ್ಟಿನ ಬಿಗಿತವನ್ನು ಆ ಒಳಗೊಳವೆ ಹೊರುತ್ತದೆ.

ಬಿಗಿತ ಎಂದಾಗ ಇನ್ನೆರಡು ಮಾತು. ಬೋಲ್ಟಿನ ಕೆಲಸ ಗೂಟದಂತೆ ಅಡ್ಡ ನಿಲ್ಲುವುದಲ್ಲ, ಸ್ಪ್ರಿಂಗಿನಂತೆ ಹಿಗ್ಗಿ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. 8 ಮಿ.ಮೀ.ಯ 8.8 ಬೋಲ್ಟನ್ನು ಟಾರ್ಕ್ ಪಾನದಲ್ಲಿ ಸುಮಾರು 25 ನ್ಯೂಟನ್ ಮೀಟರ್ ಬಿಗಿದರೆ ಅದು ಒಂದೂವರೆ ಟನ್ನಿನಷ್ಟು ಬಲದಿಂದ ಒತ್ತುತ್ತದೆ. ಆ ಒತ್ತಡದಿಂದ ಬರುವ ಘರ್ಷಣೆಯೇ ಭಾಗಗಳು ಜಾರದಂತೆ ನೋಡಿಕೊಳ್ಳುವುದು. 'ಎಷ್ಟು ಬಿಗಿದರೆ ಅಷ್ಟು ಒಳ್ಳೆಯದು' ಎಂದು ಪೈಪು ಹಾಕಿ ತಿರುಗಿಸಿದರೆ ಬೋಲ್ಟು ಹಿಗ್ಗುವ ಮಿತಿ ದಾಟಿ ಸಡಿಲವಾಗುತ್ತದೆ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು ಹೆಚ್ಚು ಗಟ್ಟಿ ಎಂಬುದೂ ತಪ್ಪು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು 8.8ಕ್ಕಿಂತ ದುರ್ಬಲ. ತುಕ್ಕು ಹಿಡಿಯುವುದಿಲ್ಲ ಎಂಬುದಷ್ಟೇ ಅದರ ಹೆಚ್ಚುಗಾರಿಕೆ.

ಸ್ಪ್ರಿಂಗ್ ವಾಷರ್ ಹಾಕಿದರೆ ನಟ್ಟು ಬಿಚ್ಚಿಕೊಳ್ಳುವುದಿಲ್ಲ ಎಂಬುದು ನಮ್ಮ ಗ್ಯಾರೇಜುಗಳಲ್ಲಿ ವೇದವಾಕ್ಯ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಬೋಲ್ಟಿಗೆ ಅಡ್ಡಡ್ಡಲಾಗಿ ಅಲುಗಾಟ ಕೊಟ್ಟು ಬಿಗಿತ ಎಷ್ಟು ಬೇಗ ಇಳಿಯುತ್ತದೆಂದು ಅಳೆಯುವ ವಿಧಾನ ಅದು. ಈ ಬಗೆಯ ಪರೀಕ್ಷೆಗಳಲ್ಲಿ ಸ್ಪ್ರಿಂಗ್ ವಾಷರಿನಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡುಬಂದಿಲ್ಲ. ಸೀಟು, ಸ್ಟೇರಿಂಗ್, ಬ್ರೇಕಿನಂಥ ಜಾಗಗಳಿಗೆ ಒಳಗೆ ನೈಲಾನ್ ಬಳೆಯಿರುವ ನಟ್ಟು ವಾಸಿ. ಅದನ್ನು ಬಿಗಿದ ಮೇಲೆ ಎರಡು ಸುತ್ತು ಮರೆ ಹೊರಗೆ ಕಾಣಬೇಕು. ಸೈಲೆನ್ಸರಿನ ಹತ್ತಿರ ಮಾತ್ರ ಬೇಡ, ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನ್ ಮೆತ್ತಗಾಗುತ್ತದೆ. ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ಟು ಬೇಕು.

ರೇಸಿಂಗ್ ಬೆಲ್ಟು ಯಾವಾಗಲೂ ಹೆಚ್ಚು ಸುರಕ್ಷಿತವೇ?

ಖಂಡಿತ ಅಲ್ಲ. ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ತಂದ ಮೂರು ಬಿಂದುಗಳ ಬೆಲ್ಟು ಈಗಲೂ ರಸ್ತೆ ಕಾರುಗಳಲ್ಲಿ ಉಳಿದಿರುವುದು ಸುಮ್ಮನೆ ಅಲ್ಲ. ನಾಲ್ಕು ಬಿಂದುಗಳ ಬೆಲ್ಟಿನಲ್ಲಿ ತೊಡೆಗಳ ನಡುವೆ ಬರುವ ಪಟ್ಟಿ ಇರುವುದಿಲ್ಲ. ಭುಜದ ಪಟ್ಟಿಗಳನ್ನು ಎಳೆದು ಬಿಗಿದಾಗ ಸೊಂಟದ ಪಟ್ಟಿ ಮೂಳೆಯಿಂದ ಮೇಲೆ ಸರಿದು ಹೊಟ್ಟೆಯ ಮೇಲೆ ಬರುತ್ತದೆ. ಡಿಕ್ಕಿಯಲ್ಲಿ ದೇಹ ಅದರಡಿಯಲ್ಲಿ ನುಸುಳಿ ಜಾರಬಹುದು. ಆಗ ಪೆಟ್ಟು ಬೀಳುವುದು ಕರುಳು, ಯಕೃತ್ತಿನಂಥ ಮೃದು ಅಂಗಗಳಿಗೆ.

ಭುಜದ ಪಟ್ಟಿಯ ಕೋನ ಇನ್ನೊಂದು ಸಂಗತಿ. ಜಾಗವಿಲ್ಲವೆಂದು ಅದನ್ನು ಸೀಟಿನ ಹಿಂದೆ ನೇರ ನೆಲಕ್ಕೆ ಬಿಗಿದರೆ, ಮುಂದಕ್ಕೆ ನುಗ್ಗುವ ದೇಹವನ್ನು ಪಟ್ಟಿ ಕೆಳಕ್ಕೆ ಜಗ್ಗುತ್ತದೆ. ಬೆನ್ನುಮೂಳೆ ಮೇಲಿನಿಂದ ಕೆಳಕ್ಕೆ ಹಿಚುಕಿದಂತಾಗುತ್ತದೆ. ಎಫ್‌ಐಎ ನಿಯಮದ ಪ್ರಕಾರ ಈ ಪಟ್ಟಿ ಭುಜದಿಂದ ಹಿಂದಕ್ಕೆ ಹೋಗುವಾಗ 45 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯಬಾರದು. ಅಂದರೆ ಸೀಟಿನ ಹಿಂದೆ ಭುಜದ ಎತ್ತರದ ಸಮೀಪ ಒಂದು ಗಟ್ಟಿ ಅಡ್ಡಕೊಳವೆ ಬೇಕು. ಅದನ್ನೂ ಚಾಸಿ ಕಟ್ಟುವಾಗಲೇ ಯೋಚಿಸಬೇಕು.

ಬೆಲ್ಟನ್ನು ಸೀಟಿಗಲ್ಲ, ಚಾಸಿಗೆ ಬಿಗಿಯಬೇಕು ಎಂಬುದು ಮನೆಯಲ್ಲಿ ಕಟ್ಟುವ ಕಾರಿಗೆ ಒಳ್ಳೆಯ ನಿಯಮ. ಕಾರ್ಖಾನೆಯ ಕಾರುಗಳ ಬೆಲ್ಟಿನ ಬುಡವನ್ನು ಪರೀಕ್ಷಿಸುವಾಗ ಭುಜದ ಪಟ್ಟಿ, ಸೊಂಟದ ಪಟ್ಟಿ ಎರಡನ್ನೂ ತಲಾ 13,500 ನ್ಯೂಟನ್ ಬಲದಿಂದ ಎಳೆಯುತ್ತಾರೆ. ಸುಮಾರು ಒಂದು ಟನ್ 370 ಕೆ.ಜಿ.ಯಂತೆ ಎರಡು ಎಳೆತ, ಒಟ್ಟಿಗೆ.

ಮೆತ್ತೆಯ ವಿಷಯವನ್ನು ಚಿಕ್ಕದಾಗಿ ಹೇಳುವುದಾದರೆ, ದಪ್ಪ ಸ್ಪಂಜು ಒಳ್ಳೆಯದಲ್ಲ. ಡಿಕ್ಕಿಯಲ್ಲಿ ಅದು ಕುಗ್ಗುತ್ತದೆ, ದೇಹ ಕೆಳಗಿಳಿದು ಬೆಲ್ಟು ಸಡಿಲವಾಗುತ್ತದೆ. ಚೀಲದೊಳಗೆ ಎರಡು ದ್ರಾವಣ ಬೆರೆಸಿ ಸುರಿದು, ಅದು ಉಬ್ಬುವಾಗ ಅದರ ಮೇಲೆ ಕೂತು ಸ್ವಂತ ಅಚ್ಚಿನ ಸೀಟು ಮಾಡಿಕೊಳ್ಳುವವರಿದ್ದಾರೆ. ಚೆನ್ನಾಗಿಯೇ ಕೂರುತ್ತದೆ. ಆದರೆ ಅದರಲ್ಲಿ ಐಸೊಸಯನೇಟ್ ರಾಸಾಯನಿಕವಿರುತ್ತದೆ. ಅದು ಉಸಿರಾಟಕ್ಕೆ ಅಪಾಯಕಾರಿ, ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಮಾಡಬಾರದು. ಗಟ್ಟಿಯಾದ ಫೋಮಿಗೆ ಬೇಗ ಬೆಂಕಿ ಹತ್ತದ ಹೊದಿಕೆ ಬೇಕು.

ಎಲ್ಲ ಮುಗಿದ ಮೇಲೆ ಇನ್ನೊಂದು ಪರೀಕ್ಷೆ: ಬೆಲ್ಟು ಕಟ್ಟಿ ಕೂತವರು ಎಷ್ಟು ಬೇಗ ಹೊರಬರಬಲ್ಲರು? ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ಚಾಲಕ 5 ಸೆಕೆಂಡಿನೊಳಗೆ ಕಾರಿನಿಂದ ಹೊರಗಿರಬೇಕು. ಬಿಗಿಯಾದ ಬಕೆಟ್ ಸೀಟು, ಕಳಚಲಾಗದ ಸ್ಟೇರಿಂಗ್, ಎತ್ತರದ ಅಂಚು ಇವುಗಳಲ್ಲಿ ಯಾವುದಾದರೊಂದು ಇದನ್ನು ಕೆಡಿಸಬಲ್ಲದು.

ನಮ್ಮಲ್ಲಿ ಇದನ್ನು ಮಾಡಬಹುದೇ?

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸಲು ಒಂದೊಂದು ಕಾರನ್ನೂ ಬಿಡಿಯಾಗಿ ಪರೀಕ್ಷಿಸುವ ವ್ಯವಸ್ಥೆಯಿದೆ. 2009ರಿಂದ ಅದಕ್ಕೆ ಐವಿಎ ಎಂಬ ಹೆಸರು. ಸೀಟು, ಬೆಲ್ಟಿನ ಬುಡ, ಸ್ಟೇರಿಂಗ್ ಮಾತ್ರವಲ್ಲ, ತಲೆ ತಾಗಬಹುದಾದ ಗಟ್ಟಿ ಅಂಚುಗಳು 2.5 ಮಿ.ಮೀ. ತ್ರಿಜ್ಯದಷ್ಟಾದರೂ ದುಂಡಗಿವೆಯೇ ಎಂದೂ ನೋಡುತ್ತಾರೆ.

ಭಾರತದಲ್ಲಿ ಹವ್ಯಾಸಿಗಳಿಗೆ ಅಂಥ ಸುಲಭದ ದಾರಿಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ತಯಾರಕರು ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಇರುವ ಕಾರನ್ನು ಮಾರ್ಪಡಿಸುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗಾಗಿ ನಮ್ಮಲ್ಲಿ ಕೈಯಾರೆ ಕಟ್ಟಿದ ಕಾರುಗಳು ಹೆಚ್ಚಾಗಿ ಕಾಲೇಜಿನ ಆವರಣ, ಸ್ಪರ್ಧೆಯ ಟ್ರ್ಯಾಕು ಮತ್ತು ಖಾಸಗಿ ಜಮೀನಿಗೆ ಸೀಮಿತ.

ಆದರೆ ಸೀಟು ಬದಲಿಸುವ, ಅದಕ್ಕೆ ಹೊಸ ಕವರ್ ಹೊಲಿಸುವ ಅಂಗಡಿಗಳು ಊರೂರಿನಲ್ಲೂ ಇವೆ. ಇಂದಿನ ಹಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಇರುವುದು ಸೀಟಿನ ಬೆನ್ನಿನ ಅಂಚಿನಲ್ಲೇ. ಅಲ್ಲಿ 'ಏರ್‌ಬ್ಯಾಗ್' ಎಂದು ಬರೆದ ಸಣ್ಣ ಪಟ್ಟಿ ಹೊಲಿದಿರುತ್ತಾರೆ. ಅದರ ಮೇಲೆ ದಪ್ಪ ರೆಕ್ಸಿನ್ ಕವರನ್ನು ಸುತ್ತಲೂ ಬಿಗಿಯಾಗಿ ಹೊಲಿದರೆ, ಕಣ್ಣುಮಿಟುಕಿಸುವುದರೊಳಗೆ ಅರಳಬೇಕಾದ ಚೀಲ ಒಳಗೇ ಸಿಕ್ಕಿಹಾಕಿಕೊಳ್ಳಬಹುದು ಅಥವಾ ತಪ್ಪು ದಿಕ್ಕಿಗೆ ಉಬ್ಬಬಹುದು. ಕವರ್ ಹಾಕಿಸಲೇಬೇಕಾದರೆ ಆ ಭಾಗ ತೆರೆದಿರುವ, ಅಥವಾ ಅಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುವ ಹೊಲಿಗೆಯಿರುವ, ನಿಮ್ಮ ಮಾದರಿಗೆಂದೇ ಮಾಡಿದ ಕವರನ್ನು ಕೇಳಿ ಪಡೆಯಿರಿ. ಸೀಟನ್ನೇ ಬಿಚ್ಚುವುದಾದರೆ ಅದರಡಿಯಲ್ಲಿ ಹಳದಿ ಬಣ್ಣದ ವೈರಿನ ಕನೆಕ್ಟರ್ ಕಾಣುತ್ತದೆಯೇ ನೋಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು ಅಥವಾ ಬೆಲ್ಟನ್ನು ಎಳೆದು ಬಿಗಿಮಾಡುವ ಸಾಧನದ್ದು. ಬ್ಯಾಟರಿಯ ಸಂಪರ್ಕ ತೆಗೆದು, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಅದನ್ನು ಮುಟ್ಟಲು ಯಾರಿಗೂ ಬಿಡಬೇಡಿ.